ಒಂದು ಮಹಾಪ್ರಾಣದ ಅಂತರ

ವಯಸ್ಸಾದ ಮೇಲೆ ಹಳೆಯ ಸಿಟ್ಟುಗಳನ್ನೆಲ್ಲ ದೇವರ ಮುಂದೆ ಇಳಿಸಿಬಂದೆ ಎನ್ನುವವರಿದ್ದಾರೆ. ನಾನು ಇಳಿಸಿಲ್ಲ. ಮಸ್ಕತ್ತಿನ ನನ್ನ ಅಮೆರಿಕನ್ ಸಾಹೇಬನ ಮೇಲಿನ ಸಿಟ್ಟನ್ನು ಉಪ್ಪಿನಕಾಯಿ ಭರಣಿಯ ಹಾಗೆ ಬಾಯಿಗೆ ಬಟ್ಟೆ ಕಟ್ಟಿ ಇಟ್ಟುಕೊಂಡಿದ್ದೇನೆ. ಬಿಚ್ಚಿ ನೋಡಿದರೆ ಈಗಲೂ ಖಾರವಾಗಿಯೇ ಇದೆ.

ಗಂಡ, ಮಗಳ ಜೊತೆ ಮಸ್ಕತ್ತಿಗೆ ಬಂದ ನಾನು ಖುರುಮ್ ಬಡಾವಣೆಯ ಆ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಮೇಲೆ ಸಾಹೇಬನ ಸೆಕ್ರೆಟರಿಯಾದೆ. ಕೆಲಸ ಕೊಡಿಸಿದವನು ನನ್ನ ಅಣ್ಣ. ಅವನು ಆಗಲೇ ಹಲವು ವರ್ಷಗಳಿಂದ ಅಲ್ಲಿ ಚಹಾ, ಕಾಫಿ ಮಾಡಿಕೊಡುವ, ಫೈಲು ಸಾಗಿಸುವ ಕೆಲಸದಲ್ಲಿದ್ದ. ಅವನ ಲೇಬರ್ ಕಾರ್ಡಿನಲ್ಲಿ ಅರಬಿಯಲ್ಲಿ ಫರ್ರಾಶ್, ಅಂದರೆ ಜವಾನ, ಎಂದಿತ್ತು. ಅದಕ್ಕೆ ಮೊದಲು ಮುಂಬಯಿಯಲ್ಲಿ ನಮ್ಮ ಊರ ಕಡೆಯವರ ಹೋಟೆಲಿನಲ್ಲಿ ಮಾಣಿಯಾಗಿದ್ದ. ನಮ್ಮ ಕಡೆಯ ಹೋಟೆಲುಗಳಲ್ಲಿ ಮೇಜಿಗೆ ತಿಂಡಿ ತಂದುಕೊಡುವವನ ಮೀಸೆ ನರೆತಿದ್ದರೂ ಅವನು ಮಾಣಿಯೇ, ಅಂದರೆ ಹುಡುಗನೇ. ಆ ಹೆಸರಿನಿಂದ ತಪ್ಪಿಸಿಕೊಳ್ಳಲಿಕ್ಕೇ ಸಮುದ್ರ ದಾಟಿದೆ ಎಂದು ಅಣ್ಣ ಹೇಳುತ್ತಿದ್ದ.

ನಾನು ಬಂದ ವಾರವೇ ಅವನು ನನ್ನ ಮುಂದೆ ಸಾಹೇಬನನ್ನು ಹೊಗಳಿದ.

"ಒಳ್ಳೆ ಜನ ಮಾರಾಯ್ತಿ. ಅಮೆರಿಕದವ್ರಾದ್ರೂ ಒಂದು ಚೂರು ಅಹಂಕಾರ ಇಲ್ಲ. ನನ್ನನ್ನು ಭಾಯ್ ಅಂತ್ಲೇ ಕರೆಯುದು. ನಿನ್ನ ಅತ್ತಿಗೆಗೂ ಹೇಳಿದ್ದೇನೆ."

ಮರುದಿನ ನನ್ನ ಕಿವಿಯಾರೆ ಕೇಳಿದೆ. ಕೋಣೆಯೊಳಗಿಂದ ಎರಡು ಚಪ್ಪಾಳೆ, ಅದರ ಹಿಂದೆಯೇ ಕೂಗು: "ಬಾಯ್!" ಅಣ್ಣ ನಗುಮುಖದಿಂದ ಓಡಿದ.

ಕರಾವಳಿಯ ನಮ್ಮ ನಾಲಿಗೆಗೆ ಮಹಾಪ್ರಾಣ ಸುಲಭಕ್ಕೆ ಏಳುವುದಿಲ್ಲ. ಭಾಯಿಯೂ ಬಾಯೇ, ಭಾರವೂ ಬಾರವೇ. ಮುಂಬಯಿಯಲ್ಲಿ ಹತ್ತೂ ಕಡೆಯಿಂದ ಭಾಯ್, ಭಾಯ್ ಎಂದು ಕರೆಸಿಕೊಂಡಿದ್ದ ಅಣ್ಣನ ಕಿವಿ, ಆ ಅಮೆರಿಕನ್ ಉಚ್ಚಾರದೊಳಗೆ ತನಗೆ ಬೇಕಾದ ಅಕ್ಷರವನ್ನು ತಾನೇ ಸೇರಿಸಿಕೊಂಡಿತ್ತು. ಅದು ಇಂಗ್ಲಿಷಿನ ಬಾಯ್, ಹುಡುಗ ಎಂದು ನಾನು ತಿದ್ದಲಿಲ್ಲ. ಊರಿನಲ್ಲಿ ಅತ್ತಿಗೆ ನೆರೆಕರೆಯವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದ ಮಾತು ಅದು. ಸಾಹೇಬನ ಲೆಕ್ಕ ಬೇರೆ ಇಟ್ಟುಕೊಂಡೆ.

ಸಾಹೇಬ ಸಾಧಾರಣದವನಲ್ಲ, ಆದರ್ಶವಾದಿ. ಅವನ ಕುರ್ಚಿಯ ಹಿಂದೆ ಕಟ್ಟು ಹಾಕಿದ ದೊಡ್ಡದೊಂದು ಫೋಟೋ ಇತ್ತು. ಅಮೆರಿಕದ ದಕ್ಷಿಣದ ಒಂದು ಊರಿನಲ್ಲಿ ಕಸ ಎತ್ತುವ ಕರಿಯ ಕಾರ್ಮಿಕರು ನಡೆಸಿದ ಮುಷ್ಕರದ ಮೆರವಣಿಗೆ. ಸಾಲಾಗಿ ನಡೆಯುತ್ತಿರುವ ಗಂಡಸರ ಎದೆಯ ಮೇಲೆಲ್ಲ ಒಂದೇ ಬರಹದ ಬೋರ್ಡು. ಮೂಲೆಯಲ್ಲಿ ಉದ್ದ ಕೂದಲಿನ ಬಿಳಿಯ ಕಾಲೇಜು ಹುಡುಗನೊಬ್ಬ, ಅವನೇ ನಮ್ಮ ಸಾಹೇಬ. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. ಪೊಲೀಸರ ಲಾಠಿ, ನಾಯಿ, ವಿಯೆಟ್ನಾಂ ಯುದ್ಧ ಬೇಡವೆಂದು ತಾನು ರಸ್ತೆಯಲ್ಲಿ ಮಲಗಿದ್ದು, ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದು, ಎಲ್ಲ ಹರಿಕಥೆಯ ಹಾಗೆ ಹೇಳುತ್ತಿದ್ದ. ಹೇಳಿ ಗಂಟಲು ಒಣಗಿದಾಗ ಚಪ್ಪಾಳೆ ತಟ್ಟುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಆ ಫೋಟೋದ ಗಾಜು ದಿನಾ ಒರೆಸುತ್ತಿದ್ದವನು ನನ್ನ ಅಣ್ಣ. ಒಮ್ಮೆ ಕೇಳಿದ:

"ಬೋರ್ಡಲ್ಲಿ ಎಂತ ಬರೆದದ್ದು?"

"ನಾನು ಗಂಡಸು ಅಂತ."

"ಅಷ್ಟೇಯಾ? ಅದನ್ನು ಬೋರ್ಡು ಹಾಕಿ ಹೇಳ್ಬೇಕಾ?" ಎಂದು ನಕ್ಕು, ಬಟ್ಟೆ ಹಿಂಡಿ ಮತ್ತೆ ಒರೆಸಿದ.

ಮದುವೆಯಾಗಿ ಎಷ್ಟೋ ವರ್ಷವಾಗಿತ್ತು ಅವನಿಗೆ. ಅತ್ತಿಗೆಯ ಜೊತೆ ಬಾಳಿದ್ದು ರಜೆಯಲ್ಲಿ ಊರಿಗೆ ಹೋದಾಗ ಮಾತ್ರ. ಫರ್ರಾಶ್ ಕೆಲಸದವನಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಸಿಗುತ್ತಿರಲಿಲ್ಲ. ನಮ್ಮ ಆಫೀಸಿನ ವೀಸಾ ಕೆಲಸ ನೋಡಿಕೊಳ್ಳುತ್ತಿದ್ದ ಒಮಾನಿ ಒಳ್ಳೆಯವನೇ. ಅಣ್ಣ ಕೇಳಿದಾಗಲೆಲ್ಲ ಕಾರ್ಡಿನ ಆ ಒಂದು ಪದದ ಮೇಲೆ ಬೆರಳಿಟ್ಟು, "ಮಾಫಿ ಫ್ಯಾಮಿಲಿ, ಖಲಾಸ್," ಫ್ಯಾಮಿಲಿ ಇಲ್ಲ, ಮುಗಿಯಿತು ಎಂದು ಬೇಸರದಿಂದ ತಲೆ ಆಡಿಸುತ್ತಿದ್ದ. ಆ ಪದ ಬದಲಾಗಬೇಕಿತ್ತು. ಅದನ್ನು ಬದಲಿಸುವ ಕೈ ಸಾಹೇಬನದು.

ಆ ಅವಕಾಶವೂ ಬಂತು. ಇರಾಕಿನವರು ಕುವೈತಿಗೆ ನುಗ್ಗಿದರು. ಅಮೆರಿಕದ ಸೈನ್ಯ ಕೊಲ್ಲಿಗೆ ಬಂದಿಳಿಯಿತು. ನಮ್ಮ ಕಂಪನಿಗೆ ಸೈನ್ಯಕ್ಕೆ ಕುಡಿಯುವ ನೀರು, ಡಬ್ಬಿ ಆಹಾರ ಪೂರೈಸುವ ಕಂತ್ರಾಟು ಸಿಕ್ಕಿತು. ನಾವು ಬಾನುಲಿಗೆ ಕಿವಿ ಹಚ್ಚಿ, ಕುವೈತಿನಲ್ಲಿದ್ದ ನಮ್ಮವರು ಮರುಭೂಮಿ ದಾಟಿದರೋ ಇಲ್ಲವೋ ಎಂದು ಕೇಳುತ್ತಿದ್ದಾಗ, ಸಾಹೇಬನ ಹೆಂಡತಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ತಮ್ಮ ಬಂಗಲೆಯ ಗೇಟಿಗೆ ಹಳದಿ ರಿಬ್ಬನ್ ಕಟ್ಟಿದಳು. ಸೈನಿಕರು ಕ್ಷೇಮವಾಗಿ ಮರಳಲಿ ಎಂಬ ಹರಕೆಯಂತೆ. ಒಂದು ಯುದ್ಧ ಬೇಡವೆಂದು ರಸ್ತೆಯಲ್ಲಿ ಮಲಗಿದ್ದ ಮನುಷ್ಯ ಇನ್ನೊಂದು ಯುದ್ಧಕ್ಕೆ ನೀರು ಮಾರುತ್ತಿದ್ದ. ಕೇಳಿದರೆ, "ಈ ಯುದ್ಧ ಬೇರೆ" ಎಂದ. ಇರಬಹುದು, ನನ್ನ ಜಗಳ ಅದಕ್ಕಲ್ಲ.

ರುಸೈಲ್‌ನ ಕೈಗಾರಿಕಾ ವಲಯದಲ್ಲಿದ್ದ ನಮ್ಮ ಗೋದಾಮು ದೊಡ್ಡದಾಯಿತು. ಸ್ಟೋರ್‌ಕೀಪರ್ ಹುದ್ದೆ ಹುಟ್ಟಿಕೊಂಡಿತು. ಅದನ್ನು ತುಂಬುವವರೆಗೆ ಎಂದು ಅಣ್ಣನನ್ನು ಮಧ್ಯಾಹ್ನದ ಮೇಲೆ ಅಲ್ಲಿಗೆ ಕಳಿಸತೊಡಗಿದರು. ಬೆಳಿಗ್ಗೆ ಕಾಫಿ, ಮಧ್ಯಾಹ್ನದಿಂದ ಗೋದಾಮು. ಯಾವ ಲಾರಿಗೆ ಏನು ಹೋಯಿತು, ಏನು ಬಂತು, ಎಲ್ಲ ಅವನೇ ನೋಡಿಕೊಂಡ. ಯುದ್ಧ ಮುಗಿಯುವ ಹೊತ್ತಿಗೆ ನಾನು ಸಾಹೇಬನ ಮುಂದೆ ಹೋಗಿ, ಹೇಗೂ ಕೆಲಸ ಮಾಡುತ್ತಿದ್ದಾನಲ್ಲ, ಆ ಹುದ್ದೆಯನ್ನು ಅಣ್ಣನಿಗೇ ಕೊಡಿ, ಅವನ ಹೆಂಡತಿ ಬರಲಿಕ್ಕಾಗುತ್ತದೆ ಎಂದೆ.

ಸಾಹೇಬ ಪ್ರೀತಿಯಿಂದ ನಕ್ಕ. "ಅವನು ಒಳ್ಳೆಯ ಬಾಯ್. ಒಳ್ಳೆಯ ಬಾಯ್ ಒಬ್ಬನನ್ನು ನಾವು ಯಾಕೆ ಕೆಡಿಸಬೇಕು?" ಎಂದ.

ಸರಿಯೇ, ಹುಡುಗನಿಗೆಂಥ ಹೆಂಡತಿ? ಥ್ಯಾಂಕ್ಯೂ ಸರ್ ಎಂದು ಹೇಳಿ ಹೊರಗೆ ಬಂದೆ.

ಅದೇ ದಿನಗಳಲ್ಲಿ ನನ್ನ ಮಗಳಿಗೆ ಶಾಲೆಯಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಸಾಹೇಬನಿಗೆ ಹೇಳಿದೆ. ಖುಷಿಯಿಂದ ತನ್ನ ಕಪಾಟಿನ ಪುಸ್ತಕವನ್ನೇ ಕೊಟ್ಟ. ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಓದಿ ಹೇಳಿದಳು. ಅಲ್ಲಿನ ಬಿಳಿಯರು ಕರಿಯ ಗಂಡಸರನ್ನು, ಅಜ್ಜನಾದವನನ್ನೂ, ಬಾಯ್ ಎಂದೇ ಕರೆಯುತ್ತಿದ್ದರಂತೆ. ನೀನು ಗಂಡಸಲ್ಲ ಎಂಬುದು ಅದರ ಅರ್ಥವಂತೆ. ಅದಕ್ಕೇ ಆ ಬೋರ್ಡುಗಳಂತೆ. ನನ್ನ ಕೈಯ ಸಟ್ಟುಗ ನಿಂತಿತು. ಇಲ್ಲಿ ಎಲ್ಲರೂ ಕರೆಯುತ್ತಾರೆ, ಇವನಿಗೂ ರೂಢಿಯಾಗಿದೆ ಎಂದು ಅದುವರೆಗೆ ಸಾಹೇಬನಿಗೆ ಒಂದಿಷ್ಟು ರಿಯಾಯಿತಿ ಕೊಟ್ಟಿದ್ದೆ. ಈಗ ತಿಳಿಯಿತು. ಆ ಪದದ ತೂಕ ಈ ಆಫೀಸಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನೊಬ್ಬನಿಗೇ. ಗೊತ್ತಿದ್ದೂ ಆ ಫೋಟೋದ ಕೆಳಗೆ ಕುಳಿತು ಕೂಗುತ್ತಿದ್ದ. ಮತ್ತು ಕೋಲು ಕೊಟ್ಟು ಹೊಡೆಸಿಕೊಳ್ಳುವವನ ಹಾಗೆ, ಆ ಪುಸ್ತಕವನ್ನು ತಾನೇ ನನ್ನ ಮನೆಗೆ ಕಳಿಸಿದ್ದ.

ಹೊಡೆಯುವ ದಿನಕ್ಕಾಗಿ ಹೆಚ್ಚು ಕಾಯಬೇಕಾಗಲಿಲ್ಲ. ಯುದ್ಧದ ಕೆಲಸ ಪರಿಶೀಲಿಸಲು ಅಮೆರಿಕದ ಹೆಡ್ ಆಫೀಸಿನಿಂದ ಹಿರಿಯ ಅಧಿಕಾರಿಯೊಬ್ಬರು ಬರುವವರಿದ್ದರು. ವೀಸಾಕ್ಕಾಗಿ ಅವರ ಪಾಸ್‌ಪೋರ್ಟಿನ ನಕಲು ನನ್ನ ಮೇಜಿಗೇ ಬಂತು. ಫೋಟೋ ನೋಡಿದೆ. ನರೆತ ಮೀಸೆಯ ಕರಿಯ ಮುಖ. ಹುಟ್ಟಿದ ಊರು ಅಮೆರಿಕದ ದಕ್ಷಿಣದ್ದು. ದೇವರು ಇದ್ದಾನೆ ಅನ್ನಿಸಿತು.

ಸಾಹೇಬ ದಡ್ಡನಲ್ಲ. ತನ್ನ ದೇಶದವರು ಬಂದಾಗ ಚಪ್ಪಾಳೆ, ಕೂಗು ಏನೂ ಇರುತ್ತಿರಲಿಲ್ಲ. ಇಂಟರ್‌ಕಾಮಿನಲ್ಲಿ ಕಾಫಿ ಮಾಡುವ ಪ್ಯಾಂಟ್ರಿಗೆ ಮೆಲ್ಲನೆ, "ಕಾಫಿ, ಪ್ಲೀಸ್" ಎನ್ನುತ್ತಿದ್ದ. ಅಣ್ಣನೂ ಹೇಳುವ ಮೊದಲೇ ಕಾಫಿ ತಂದಿಡುವ ಜಾಣ. ಆ ದಿನ ನಾನು ಇಂಟರ್‌ಕಾಮಿನ ತಂತಿ ಕಿತ್ತಿಟ್ಟೆ. ಅಣ್ಣನಿಗೆ ಹೇಳಿದೆ: "ಇವತ್ತು ಸಾಹೇಬ್ರು ಬಾಯಾರೆ ಕರೆಯುವವರೆಗೆ ಒಳಗೆ ಹೋಗ್ಬೇಡ." ನಾನು ಫೈಲು ಹಿಡಿದುಕೊಂಡು ಸಾಹೇಬನ ಕೋಣೆಯೊಳಗೇ ನಿಂತೆ.

ಸಾಹೇಬ ಹರಿಕಥೆ ಶುರುಮಾಡಿದ. ಫೋಟೋ, ಮೆರವಣಿಗೆ, ಲಾಠಿ. ಆ ಹಿರಿಯರು ಕೇಳುತ್ತಿದ್ದರು. ಸಾಹೇಬ ಇಂಟರ್‌ಕಾಮ್ ಒತ್ತಿದ. ಮತ್ತೆ ಒತ್ತಿದ. ಬಾಗಿಲ ಕಡೆ ನೋಡಿದ. ನನ್ನ ಕಡೆ ನೋಡಿದ, ನಾನು ಫೈಲಿನಲ್ಲಿ ಮುಳುಗಿದ್ದೆ. ಕಥೆ ಲಾಕಪ್ಪಿನವರೆಗೆ ಬಂದಿತ್ತು, ಗಂಟಲು ಒಣಗಿತ್ತು. ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಅವನ ಕೈಗಳು ತಾವಾಗಿ ಸೇರಿದವು. ಎರಡು ಚಪ್ಪಾಳೆ.

"ಬಾಯ್!"

ಹಿರಿಯರ ತಲೆ ಮೆಲ್ಲನೆ ತಿರುಗಿತು. ಬಾಗಿಲು ತೆರೆದು, ಟ್ರೇ ಹಿಡಿದು, ತಲೆತುಂಬ ಬಿಳಿಕೂದಲಿನ ನನ್ನ ಅಣ್ಣ ಒಳಗೆ ಬಂದ. ಇಬ್ಬರ ಮುಂದೆಯೂ ಕಪ್ಪು ಇಟ್ಟ. ಹಿರಿಯರು ಕುರ್ಚಿಯಿಂದ ಎದ್ದು ನಿಂತರು.

"ನೀವು ಕರೆದದ್ದು ಇವರನ್ನೋ?" ಎಂದು ಸಾಹೇಬನನ್ನು ಕೇಳಿದರು.

ಸಾಹೇಬನ ಮುಖ ಬೆಂದ ಸೀಗಡಿಯ ಬಣ್ಣಕ್ಕೆ ತಿರುಗಿತು. "ಇಲ್ಲಿ ಎಲ್ಲರೂ ಹೀಗೇ ಕರೆಯುವುದು. ಅವನಿಗೆ ಬೇಸರವಿಲ್ಲ. ಇವರಲ್ಲೂ ಇಂಥದೇ ಪದ ಇದೆಯಂತೆ. ಬೇಕಾದರೆ ಇವಳನ್ನು ಕೇಳಿ, ಅವನ ತಂಗಿ."

"ತಂಗಿಯ ಎದುರಿಗೇ ಕರೆಯುತ್ತೀರಾ?" ಎಂದರು ಹಿರಿಯರು. ಆಮೇಲೆ "ನನ್ನ ಅಪ್ಪ ರೈಲಿನಲ್ಲಿ ಪ್ರಯಾಣಿಕರಿಗೆ ಹಾಸಿಗೆ ಹಾಸಿಕೊಡುತ್ತಿದ್ದ. ಸಾಯುವವರೆಗೂ ಅವನನ್ನು ಹೀಗೇ ಕರೆದರು," ಎಂದು ನನ್ನ ಕಡೆ ತಿರುಗಿದರು. "ನಿಮ್ಮವರೂ ಇವರನ್ನು ಹೀಗೆ ಕರೆಯುತ್ತಾರಾ?"

ಮಾಣಿ ಎಂಬ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಊರಿನ ಬಗ್ಗೆ ಹರಟುವಾಗ ಅದನ್ನು ಸಾಹೇಬನಿಗೆ ಹೇಳಿದ್ದವಳೂ ನಾನೇ. ಹೌದು ಎಂದಿದ್ದರೆ ಅವನು ಬಚಾವಾಗುತ್ತಿದ್ದ. ಅವನು ಆಸೆಯಿಂದ ನನ್ನನ್ನು ನೋಡುತ್ತಿದ್ದ.

"ಇಲ್ಲ ಸರ್," ಎಂದೆ. "ಈ ಆಫೀಸಿನಲ್ಲಿ ನಮ್ಮವರೆಲ್ಲ ಇವನನ್ನು ಅಣ್ಣ ಅಂತ ಕರೆಯುತ್ತೇವೆ."

ಅಣ್ಣನಿಗೆ ಏನೋ ನಡೆಯುತ್ತಿದೆ ಎಂದಷ್ಟೇ ಗೊತ್ತಾಗಿತ್ತು. "ಎಂತ ಹೇಳ್ತಾರೆ ಅವ್ರು? ಕಾಫಿಗೆ ಸಕ್ಕರೆ ಹೆಚ್ಚಾಯ್ತಾ?" ಎಂದು ಪಿಸುಗುಟ್ಟಿದ. ಹಿರಿಯರು ನನಗೆ, ನಿಮ್ಮ ಅಣ್ಣನಿಗೆ ಎಲ್ಲ ತಿಳಿಸಿ ಹೇಳಿ ಎಂದರು.

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಸಾಹೇಬನಿಗೆಂದು ಎತ್ತಿದ ಕೋಲು ಅಣ್ಣನ ತಲೆ ದಾಟಿಯೇ ಹೋಗಬೇಕಿತ್ತು. ಆದರೂ ಎತ್ತಿದ ಕೈ ಇಳಿಸಲಿಲ್ಲ.

"ಅಣ್ಣ, ಇವ್ರು ನಿನ್ನನ್ನು ಭಾಯ್ ಅಂತ ಕರೆಯುದಲ್ಲ. ಬಾಯ್ ಅಂತ. ನಮ್ಮ ಮಾಣಿ ಉಂಟಲ್ಲ, ಅದು."

ಅಣ್ಣ ಸಾಹೇಬನನ್ನು ನೋಡಿದ. ಫೋಟೋ ನೋಡಿದ. ಸಾಹೇಬನ ಮುಂದೆ ಇಟ್ಟಿದ್ದ ಕಪ್ಪನ್ನು ಮೆಲ್ಲನೆ ಎತ್ತಿ ಟ್ರೇಗೆ ಇಟ್ಟುಕೊಂಡ. ಹಿರಿಯರ ಕಪ್ಪನ್ನು ಅಲ್ಲೇ ಬಿಟ್ಟ. ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋದ. ನಾನು ಅದುವರೆಗೆ ಕಂಡ ಸುಖಗಳಲ್ಲಿ ಆ ಕಪ್ಪು ವಾಪಸು ಹೋದದ್ದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಸಂಜೆ ಪ್ಯಾಂಟ್ರಿಯಲ್ಲಿ ಅಣ್ಣ ಬೆನ್ನು ಹಾಕಿ ನಿಂತು ಕಪ್ಪು ತೊಳೆಯುತ್ತಿದ್ದ.

"ನಿನಗೆ ಮುಂಚೆಯೇ ಗೊತ್ತಿತ್ತಾ?"

"ಗೊತ್ತಿತ್ತು."

"ಸಮುದ್ರ ದಾಟಿ ಬಂದದ್ದು ಮತ್ತೆ ಮಾಣಿ ಆಗ್ಲಿಕ್ಕಾ ಹಾಗಾದ್ರೆ?" ಎಂದ. ಮತ್ತೆ, "ನಮ್ಮಲ್ಲೂ ಕರೀತಾರಲ್ಲ. ಅವ್ರು ಕೇಳುವಾಗ ನೀನು ಯಾಕೆ ಹೇಳ್ಲಿಲ್ಲ?"

"ಹೋಟೆಲಿನ ಧಣಿ ನಿನ್ನನ್ನು ಮಾಣಿ ಅಂತ್ಲೇ ಕರೀತಿದ್ರು. ಆದ್ರೆ ನಿನ್ನ ಮದುವೆಗೆ ಬಂದು ಊಟ ಮಾಡಿ ಹೋದ್ರು. ಇವನು ಹೆಂಡತಿಯನ್ನೇ ಬರ್ಲಿಕ್ಕೆ ಬಿಡ್ಲಿಲ್ಲ."

ಅಣ್ಣ ತೊಳೆದ ಕಪ್ಪನ್ನೇ ಇನ್ನೊಮ್ಮೆ ತೊಳೆದ.

ಹಿರಿಯರು ರುಸೈಲ್‌ಗೂ ಹೋದರು, ಗೋದಾಮನ್ನು ನಡೆಸುತ್ತಿರುವವರು ಯಾರೆಂದು ಕೇಳಿ ತಿಳಿದುಕೊಂಡರು. ಅವರು ಹಿಂತಿರುಗಿ ಹೋಗುವ ಮೊದಲೇ ಅಣ್ಣನನ್ನು ಸ್ಟೋರ್‌ಕೀಪರ್ ಮಾಡುವ ಕಾಗದವನ್ನು ನಾನು ಟೈಪ್ ಮಾಡಿದೆ. ಸಾಹೇಬ ತಲೆ ಎತ್ತದೆ, ಓದದೆ ಸಹಿ ಹಾಕಿದ. ಸ್ವಲ್ಪ ದಿನಗಳಲ್ಲೇ ಅವನಿಗೆ ವರ್ಗವಾಯಿತು, ಎಲ್ಲಿಗೋ ಸಣ್ಣ ಆಫೀಸಿಗೆ. ಅವನು ಆದರ್ಶ ಬಲ್ಲವನು, ಒಳಗೊಳಗೇ ನೊಂದಿದ್ದ ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಂಗಳೂರಿನ ಕ್ರಿಶ್ಚಿಯನ್ ಬಾಯಮ್ಮ ಮರುಗಿದಳು. ಮಾಡಿದ್ದುಣ್ಣೋ ಮಹರಾಯ ಎಂದೆ.

ಹೊರಡುವ ದಿನ ಫೋಟೋವನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಕೈ ಕುಲುಕುತ್ತ ಬಂದ. ಅಣ್ಣನ ಮುಂದೆ ನಿಂತವನ ಕಣ್ಣು ತೇವವಾಗಿತ್ತು, ಅದನ್ನು ನಾನು ಸುಳ್ಳು ಎನ್ನುವುದಿಲ್ಲ. ಅಣ್ಣನ ಕೈ ಹಿಡಿದುಕೊಂಡೇ ನನ್ನ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದ:

"ಕ್ಷಮಿಸು, ಇವರ ಹೆಸರೇನು?"

ಇಷ್ಟು ವರ್ಷ ಅವನ ಕೈಯ ಕಾಫಿ ಕುಡಿದಿದ್ದ. ಅವನ ಹೆಸರಿದ್ದ ಕಾಗದಕ್ಕೆ ಸಹಿಯನ್ನೂ ಹಾಕಿದ್ದ.

"ಅವನನ್ನೇ ಕೇಳಿ ಸರ್," ಎಂದೆ.

ಅಣ್ಣನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಕೈ ಬಿಡಿಸಿಕೊಂಡ. ನೆಟ್ಟಗೆ ನಿಂತು, ಸಾಹೇಬನ ಮುಖ ನೋಡಿ, ಒಂದೇ ಪದ ಹೇಳಿದ.

"ಬಾಯ್."

ಮಹಾಪ್ರಾಣ ಇರಲಿಲ್ಲ. ಸಾಹೇಬ ಇನ್ನೇನಾದರೂ ಬರುತ್ತದೆಯೋ ಎಂದು ಕಾದ. ಹೊರಗೆ ಡ್ರೈವರ್, "ಯಲ್ಲಾ ಸರ್, ಏರ್‌ಪೋರ್ಟಿಗೆ ಹೊತ್ತಾಯ್ತು" ಎಂದು ಕೂಗಿದ. ಸಾಹೇಬ ಹೆಸರಿಲ್ಲದೆ ಹೋದ.

ಆ ಚಳಿಗಾಲದಲ್ಲಿ ಅತ್ತಿಗೆ ಬಂದಳು. ಅಣ್ಣನಿಗೆ ಅಪ್ಪ ಇಟ್ಟ ಚಂದದ ಹೆಸರೊಂದಿದೆ. ಗಂಡನ ಹೆಸರು ಹೇಳಬಾರದು ಎಂದು ಅತ್ತಿಗೆ ಅದನ್ನು ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಯಾರಾದರೂ ಇದನ್ನು ಇಂಗ್ಲಿಷಿಗೆ ಮಾಡಿ, ಅದು ಆ ಸಾಹೇಬನ ಕಣ್ಣಿಗೆ ಬಿದ್ದರೆ ಅವನಿಗೆ ಹೆಸರು ಸಿಕ್ಕಿಬಿಡುತ್ತದೆ.