ಬಿಸಿನೀರು ತಿಳಿಯದ ಕಾಲು

ನೀರು ಇನ್ನೂ ಬಿಸಿಯಾಗಿಲ್ಲ ಅನ್ನಿಸಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಮಗಳು ವೀಣಾ ಬಾಣಂತಿ. ಹೆಣ್ಣು ಕೂಸು. ಹೊಕ್ಕುಳ ಬಳ್ಳಿ ಬಿದ್ದಿತ್ತು. ಅಂದು ನಮ್ಮ ಶಿರಸಿ ಮನೆಯ ಬಚ್ಚಲಲ್ಲಿ ಅದಕ್ಕೆ ಮೊದಲ ಸ್ನಾನ. ನನಗೆ ಮೊದಲ ಮೊಮ್ಮಗಳು. ಬೆಳಗಿನಿಂದ ಕಂಡಕಂಡವರಿಗೆಲ್ಲ ಅದನ್ನೇ ಹೇಳಿದ್ದೆ, ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದೆ.

ಮಣೆಯ ಮೇಲೆ ಕುಳಿತು, ಸೀರೆ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿದೆ. ಕೂಸನ್ನು ಮಲಗಿಸುವುದು ಮೊಣಕಾಲಿನ ಕೆಳಗೆ, ಎರಡು ಕಾಲಿನ ನಡುವಿನ ತಗ್ಗಿನಲ್ಲಿ. ನೀರಿನ ಹದ ನೋಡುವುದೂ ಕಾಲಿನಿಂದಲೇ. ಕೈಯನ್ನು ನಂಬಬೇಡ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಒಲೆಯ ಮುಂದೆ ಬೆಂದ ಕೈಗೆ ಎಂಥ ನೀರೂ ತಣ್ಣಗೇ. ಹಾಗಾಗಿ ಒಂದು ತಂಬಿಗೆ ಕಾಲಿಗೆ ಸುರಿದುಕೊಂಡೆ. ಉಗುರು ಬೆಚ್ಚಗೂ ಇಲ್ಲ. ಹಂಡೆಯಿಂದ ಇನ್ನಷ್ಟು ಬೆರೆಸಿದೆ. ಸುರಿದುಕೊಂಡೆ. ಮತ್ತೆ ಬೆರೆಸಿದೆ.

“ತಾರೇ ಕೂಸಿನ,” ಎಂದು ಕೈ ಚಾಚಿದೆ.

ಬಗ್ಗಿದ ವೀಣಾ ಹಾಗೇ ನಿಂತಳು. “ಆಯೀ, ನಿನ್ನ ಕಾಲು ಎಂತಕ್ಕೆ ಹಿಂಗೆ ಕೆಂಪಾಯ್ದು?” ಬಕೆಟ್ಟಿಗೆ ಬೆರಳು ಅದ್ದಿದವಳೇ ಚೀರಿದಳು. “ಅಯ್ಯಯ್ಯೋ, ಸುಡ್ತಾ ಇದ್ದು! ನಿಂಗೆ ಗೊತ್ತಾಗ್ತಿಲ್ಯ?”

ಗೊತ್ತಾಗುತ್ತಿರಲಿಲ್ಲ.

ಕೂಸು ಇನ್ನೂ ಅವಳ ಕೈಯಲ್ಲೇ ಇತ್ತು. ಈ ಒಂದು ಮಾತನ್ನು ಎರಡು ಸಲ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಕೂಸು ಇನ್ನೂ ಅವಳ ಕೈಯಲ್ಲೇ ಇತ್ತು.

ಸಂಜೆಗೆ ಕಾಲಿನ ಮೇಲೆ ಬೊಬ್ಬೆ ಎದ್ದವು. ನೋವಿಲ್ಲ. ನೋವಿಲ್ಲದ್ದೇ ಹೆದರಿಕೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬಸ್ ಸ್ಟ್ಯಾಂಡ್ ಹತ್ತಿರ ನಾವು ಗಂಡ ಹೆಂಡತಿ ಸಣ್ಣ ಖಾನಾವಳಿ ನಡೆಸುತ್ತೇವೆ. ಅಡುಗೆ ನನ್ನದು, ಬಡಿಸುವುದು ಮತ್ತು ಮಾತು ಅವರದು. ಕೆಲವು ತಿಂಗಳಿಂದ ಪಾದ ಜುಂ ಅನ್ನುತ್ತಿತ್ತು. ಒಮ್ಮೆ ಪೇಟೆಯಿಂದ ಮನೆಗೆ ಬಂದು ನೋಡಿದರೆ ಒಂದು ಕಾಲಿನಲ್ಲಿ ಚಪ್ಪಲಿಯೇ ಇಲ್ಲ, ಎಲ್ಲಿ ಕಳಚಿತೋ ಗೊತ್ತಿಲ್ಲ. ನಾಲಿಗೆ ಉರಿ. ಸಕ್ಕರೆ ಕಾಯಿಲೆ ಮೊದಲೇ ಇದೆ, ಅದರದ್ದೇ ಇರಬೇಕು ಎಂದುಕೊಂಡಿದ್ದೆ. ಯಾರು ಕೇಳಿದರೂ “ಯಂಗೆ ಎಂತೂ ಆಯ್ದಿಲ್ಲೆ”, ನನಗೇನೂ ಆಗಿಲ್ಲ, ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

ಮರುದಿನ ನಮ್ಮ ಇವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಹಾವೇರಿ ಕಡೆಯವರು. ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿಸಿ, ಎರಡು ಕವಲಿನ ಒಂದು ಲೋಹದ ಕಡ್ಡಿಯನ್ನು ಮೊಣಕೈಗೆ ಬಡಿದು ನನ್ನ ಕಾಲಿನ ಗಂಟಿಗೆ ಒತ್ತಿದರು.

“ನಡಗತೈತೇನ್ರಿ ಅಮ್ಮಾರ?”

“ಎಂತ ನಡುಗೂದು? ಸುಮ್ಮನೆ ಇಟ್ಟಿದ್ದೀರಿ.”

ಅದನ್ನೇ ತೆಗೆದು ನನ್ನ ಹಣೆಗೆ ಇಟ್ಟರು. ತಲೆಯೊಳಗೆ ಜೇನುಹುಳು ಹೊಕ್ಕಂತೆ ಗುಂಯ್ ಅಂದಿತು.

ಆಮೇಲೆ ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ನಿಂತೆ. ಪಕ್ಕದಲ್ಲಿದ್ದ ನಮ್ಮ ಇವರು ತೋಳು ಹಿಡಿಯದಿದ್ದರೆ ಮೇಜಿನ ಮೇಲೆಯೇ ಬೀಳುತ್ತಿದ್ದೆ. ಕಣ್ಣು ಮುಚ್ಚಿದರೆ ನನ್ನ ಕಾಲು ಎಲ್ಲಿದೆ ಎನ್ನುವುದೇ ನನಗೆ ತಿಳಿಯದು! ಇಷ್ಟು ದಿನ ನಾನು ಕಣ್ಣಿನಿಂದ ನಡೆಯುತ್ತಿದ್ದೆ.

ರಕ್ತದ ರಿಪೋರ್ಟ್ ಬಂತು. ವಿಟಮಿನ್ ಬಿ12 ತೀರಾ ಕಡಿಮೆ. ಅದಿಲ್ಲದೆ ನರ ಸೊರಗುತ್ತದಂತೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಈ ವಿಟಮಿನ್ ಮೈಗೆ ಹತ್ತುವುದು ಕಡಿಮೆಯಾಗಬಹುದಂತೆ. ಹಾಗಂತ ಗುಳಿಗೆ ಬಿಡಬಾರದು ಅಂದರು. “ಊಟದಾಗೂ ಕಡಿಮಿ ಐತ್ರಿ,” ಎಂದು ಸೇರಿಸಿದರು.

ಇವರಿಗೆ ನಗು, ಸಿಟ್ಟು ಎರಡೂ ಬಂತು. “ಊರಿಗೆಲ್ಲ ಊಟ ಹಾಕವ್ಳಿಗೇ ಊಟ ಕಮ್ಮಿ ಹೇಳಿರೆ ಜನ ಯನ್ನ ಬಿಡ್ತ್ವನೇ?”

ಆ ದಿನ ಆಸ್ಪತ್ರೆಯಲ್ಲಿ ಒಬ್ಬಳು ಕಾಲೇಜು ಹುಡುಗಿ ಇದ್ದಳು. ಹೆಂಗಸರು ಏನು ತಿನ್ನುತ್ತಾರೆ ಎಂಬುದರ ಮೇಲೆ ರಿಸರ್ಚ್ ಮಾಡುವವಳು. ಮುಂದೆ ಚಮಚ, ಬಟ್ಟಲು, ಲೋಟ ಜೋಡಿಸಿಕೊಂಡು ಕೂತಿದ್ದಳು, ಮಕ್ಕಳು ಅಡುಗೆ ಆಟ ಆಡುವ ಹಾಗೆ. ಮಾತಾಡಿಸಬಹುದೇ ಎಂದು ಕೇಳಿ ನನ್ನನ್ನು ಕೂರಿಸಿಕೊಂಡಳು.

“ಅಮ್ಮಾ, ನಿನ್ನೆ ಏನೇನು ಊಟ ಮಾಡಿದ್ರಿ? ನೆನಪು ಮಾಡ್ಕೊಂಡು ಹೇಳಿ.”

ನೆನಪೇನು, ಬಾಯಿಪಾಠ. ಬೆಳಿಗ್ಗೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಚಟ್ನಿ. ಮಧ್ಯಾಹ್ನ ಅನ್ನ, ಸಾರು, ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಬೀನ್ಸ್ ಪಲ್ಯ, ಗಟ್ಟಿ ಮೊಸರು. ಇವರು ಪಕ್ಕದಲ್ಲಿ ತಲೆ ಆಡಿಸುತ್ತಿದ್ದರು.

“ಪಲ್ಯ ಈ ಬಟ್ಟಲಲ್ಲಿ ಎಷ್ಟು?”

“ಪಲ್ಯ ಖಾಲಿಯಾಗಿತ್ತು.”

“ಮೊಸರು?”

“ನಂಗೆ ಹಾಲು ಮೊಸರು ಗ್ಯಾಸ್ ಮಾಡ್ತದೆ. ಬಿಟ್ಟು ಬಹಳ ವರ್ಷ ಆಯ್ತು.”

“ತೆಳ್ಳೇವು ಎಷ್ಟು ತಿಂದ್ರಿ?”

ದೋಸೆ ಕಾವಲಿಯ ಮುಂದೆ ನಿಂತವಳು ತೆಳ್ಳೇವು ಎಲ್ಲಿ ತಿನ್ನುತ್ತಾಳೆ? ಚಾ ಕುಡಿದಿದ್ದೆ, ಹಾಲಿಲ್ಲದ ಕಪ್ಪು ಚಾ. ಮಧ್ಯಾಹ್ನ ಗಿರಾಕಿಗಳು ಎದ್ದ ಮೇಲೆ ಪಾತ್ರೆಯ ತಳದ ಅನ್ನ, ಸಾರಿನ ಗಸಿ, ಉಪ್ಪಿನಕಾಯಿ. ರಾತ್ರಿಯೂ ಅಷ್ಟೇ. ಒಂದೊಂದಾಗಿ ಬಾಯಿಂದ ಹೊರಗೆ ಬಂತು. ಹೇಳುತ್ತಿದ್ದವಳು ನಾನು, ಕೇಳಿ ಬೆಚ್ಚಿದವಳೂ ನಾನೇ.

ನಾನು ಹೇಳಿದ್ದು ಊಟವನ್ನಲ್ಲ. ಅಡುಗೆಯನ್ನು.

ಹುಡುಗಿ ನಗಲಿಲ್ಲ. “ಸುಮಾರು ಅಮ್ಮಂದ್ರು ಮೊದಲು ಅಡುಗೆನೇ ಹೇಳ್ತಾರೆ,” ಎಂದಳಷ್ಟೇ. ಇವರು ತಲೆ ಆಡಿಸುವುದು ನಿಲ್ಲಿಸಿ, ಕೂತಲ್ಲೇ ಬಾಗಿಲ ಕಡೆ ನೋಡತೊಡಗಿದರು. ಮದುವೆಯಾದಂದಿನಿಂದ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಸೊಪ್ಪು ಹೆಚ್ಚು ತಿಂದು ಸರಿಮಾಡಿಕೊಳ್ಳುತ್ತೇನೆ ಎಂದೆ ಡಾಕ್ಟರಿಗೆ. ಎಷ್ಟು ಬಗೆಯ ಸೊಪ್ಪಿನ ತಂಬುಳಿ ಬೇಕು ಕೇಳಿ!

“ಸೊಪ್ಪು ಚಲೋನ ರೀ. ಆದ್ರ ಸೊಪ್ಪಿನಾಗ ಇದು ಇಲ್ರಿ. ತತ್ತಿ ತಿಂತೀರೇನು?”

“ರಾಮ ರಾಮ!”

“ಹಂಗಾದ್ರ ಸೂಜಿ. ಹಾಲು ಮೊಸರು ಸ್ವಲ್ಪ ಸ್ವಲ್ಪ ಸುರು ಮಾಡ್ರಿ.”

“ಕೂಸನ್ನ ಕಾಲ ಮೇಲೆ ಮೀಯಿಸಲಿಕ್ಕೆ ಯಾವಾಗ ಆಗ್ತದೆ?”

“ನರದ್ದು ನಿಧಾನ ರೀ. ಎಲ್ಲಾ ತಿರುಗಿ ಬರತೈತಿ ಅಂತ ನಾ ಹೇಳಂಗಿಲ್ಲ.”

ಐದನೇ ತಿಂಗಳಿಗೆ ವೀಣಾ ಕೂಸನ್ನು ಕರೆದುಕೊಂಡು ಯಲ್ಲಾಪುರದ ಗಂಡನ ಮನೆಗೆ ಹೋಗುವವಳು. ಅಷ್ಟರೊಳಗೆ ಒಮ್ಮೆಯಾದರೂ ನನ್ನ ಕಾಲ ಮೇಲೆ ಆ ಕೂಸು ಮೀಯಬೇಕು. ಬೇರೆ ಆಸೆ ನನಗೆ ಇರಲಿಲ್ಲ.

ಮೊದಲು ದಿನವೂ, ಆಮೇಲೆ ವಾರಕ್ಕೊಮ್ಮೆ ಇಂಜೆಕ್ಷನ್. ವೀಣಾ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೀಯಿಸುತ್ತಿದ್ದಳು. ನಾನು ಬಚ್ಚಲ ಹೊರಗೆ ಟವೆಲ್ ಹಿಡಿದು ಕೂತು, ನೀರಿನ ಸದ್ದು ಮತ್ತು ಅಳು ಕೇಳುವುದು. ಸುಟ್ಟ ಗಾಯ ಮಾಯಿತು, ಪಾದಕ್ಕೆ ಮಾತ್ರ ಜೀವ ಬರಲಿಲ್ಲ. ನಡುವೆ ಒಂದಿಷ್ಟು ದಿನ ಸೂಜಿ ಚುಚ್ಚಿದಂತೆ ಉರಿ ಶುರುವಾಗಿ, ಇರುವುದೂ ಹೋಗುತ್ತದೆಂದು ಹೆದರಿ ಅತ್ತುಬಿಟ್ಟೆ. ಖಾನಾವಳಿಯಲ್ಲಿ ಇವರು ಗಿರಾಕಿಗಳಿಗಿಂತ ಮೊದಲು ನನಗೆ ಎಲೆ ಹಾಕತೊಡಗಿದರು. ಮೊಸರನ್ನು ಅವರೇ ಬಡಿಸಿ, ಮುಗಿಯುವ ತನಕ ಎದುರಿಗೆ ನಿಲ್ಲುವುದು. “ಭಟ್ರೇ, ಇವತ್ತು ಪರೀಕ್ಷೆ ಪಾಸಾದ್ರಾ ಅಮ್ಮ?” ಎಂದು ಊಟಕ್ಕೆ ಬರುವ ಹುಡುಗರು ಕೂಗುವರು. ನಾಚಿಕೆಯಿಂದ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಇಳಿಯುತ್ತದೆ.

ಒಂದು ಬೆಳಿಗ್ಗೆ ಅಕ್ಕಿ ತೊಳೆಯಲು ಹೋದವಳಿಗೆ ಬಲಗಾಲಿನಡಿ ಏನೋ ಚುಚ್ಚಿತು. ಕಾಲೆತ್ತಿ ನೋಡಿದೆ.

ಒಂದು ಅಕ್ಕಿಕಾಳು.

“ಇಲ್ಲಿ ಬನ್ನಿ! ಚುಚ್ಚಿತು! ಯಂಗೆ ಅಕ್ಕಿಕಾಳು ಚುಚ್ಚಿತು!”

“ಅಕ್ಕಿಕಾಳು ಚುಚ್ಚಿದ್ದಕ್ಕೆ ಊರು ಕೂಡಿಸವ್ಳು ನೀ ಒಬ್ಳೇಯ,” ಎನ್ನುತ್ತ ಓಡಿಬಂದ ಇವರ ಕಣ್ಣಲ್ಲಿ ನೀರು.

ಯಲ್ಲಾಪುರಕ್ಕೆ ಹೊರಡುವ ಹಿಂದಿನ ದಿನ ವೀಣಾ ಒಪ್ಪಿದಳು, ಒಂದು ಕರಾರಿನ ಮೇಲೆ: ನೀರು ಬೆರೆಸುವವಳು ಅವಳು, ಹದ ನೋಡುವುದು ಅವಳ ಮೊಣಕೈ. ಬಕೆಟ್ ನನ್ನ ಕೈಗೆ ಸಿಗಬಾರದು. ಸರಿಯೇ. ಎಡಗಾಲಿನ ಹೊರಮಗ್ಗುಲು ಇವತ್ತಿಗೂ ಮರದ ಹಲಗೆ. ಅದು ಹಾಗೇ ಉಳಿಯಬಹುದು ಎಂದಿದ್ದಾರೆ ಡಾಕ್ಟರು. ಮಗಳ ಮೊಣಕೈಯನ್ನು ನಂಬಿದೆ.

ಕಾಲು ನೀಡಿ ಕೂತೆ. ಕೂಸನ್ನು ಮಲಗಿಸಿದಳು. ಬತ್ತಲೆ ಬೆನ್ನು, ಕೊಬ್ಬಿದ ತೊಡೆ, ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿತ್ತು. ಭಾರ ತಿಳಿಯಿತು. ಮೆತ್ತಗಿರುವುದು ತಿಳಿಯಿತು. ವೀಣಾ ಇನ್ನೂ ತಂಬಿಗೆ ಎತ್ತಿರಲಿಲ್ಲ. ಅಷ್ಟರಲ್ಲಿ ಕಾಲುಗಳ ನಡುವೆ ಏನೋ ಹರಿಯಿತು.

“ನೀರು ಹಾಕ್ದ್ಯನೇ?” ಎಂದೆ.

“ಇಲ್ಲೆ ಆಯಿ,” ವೀಣಾಳಿಗೆ ನಗು ತಡೆಯಲಿಲ್ಲ. “ಉಚ್ಚೆ ಹೊಯ್ತು ನಿನ್ನ ಮೊಮ್ಮಗಳು.”

ಬೆಚ್ಚಗಿತ್ತು.