ಟೀವಿಯೊಳಗೆ ಬಂದ ಅಳಿಯ

ಕಳೆದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಓಣಿಗೆ ನೀರು ತಡವಾಗಿ ಬಂತು. ಕಾರಣ, ನನ್ನ ಟೀವಿ.

ಬೀದರ್‌ನ ಹಳೇ ಓಣಿಗಳು ನಿಮಗೆ ಗೊತ್ತೇ ಇವೆ. ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಅತ್ತ ಕಡೆಯಿಂದ ನೀರಿನ ಟ್ಯಾಂಕರ್, ಇತ್ತ ಕಡೆಯಿಂದ ಅರವತ್ತೈದು ಇಂಚಿನ ಟೀವಿ ಹೊತ್ತ ಟೆಂಪೊ. ಯಾರು ಹಿಂದೆ ಹೋಗಬೇಕು? ಬರಗಾಲದ ವರ್ಷದಲ್ಲಿ ಇದೂ ಒಂದು ಪ್ರಶ್ನೆಯೇ?

ಟೆಂಪೊ ರಿವರ್ಸ್ ಹೊಡೆದುಕೊಂಡು ಮೇನ್ ರೋಡಿಗೆ ಹೋಯಿತು. ಅಲ್ಲಿಂದ ನಾಲ್ಕು ಜನ ಆ ಡಬ್ಬಿಯನ್ನು ಹೊತ್ತು ತಂದರು. ಕೊಡ ಸಾಲಿಗಿಟ್ಟು ನಿಂತ ಹೆಂಗಸರು, "ಸರೀರಿ, ಸರೀರಿ, ಟೀಚರಬಾಯಿ ಟೀವಿ ಬರಲಾಕತ್ತದ" ಎಂದು ದಾರಿ ಬಿಟ್ಟರು. ನಾನು ಹಿಂದಿನಿಂದ ತಲೆ ತಗ್ಗಿಸಿಕೊಂಡು ನಡೆದೆ.

ನಮ್ಮವರಂತೂ ಮೊದಲೇ ಹೇಳಿದ್ದರು. "ಮಂದಿ ಊರು ಬಿಟ್ಟು ಹೊಂಟಾರ. ನೀ ಪ್ರೀಮಿಯಂ ಟೀವಿ ತರ್ತೀ. ಚಂದ ಕಾಣ್ತದೇನು?"

ಆದರೆ ನನಗೂ ಒಂದು ಆಸೆ ಬೇಡವೇ? ಇಡೀ ದಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಬಡಿದು ಮನೆಗೆ ಬಂದವಳು ಸೀರಿಯಲ್ ನಾಯಕಿಯ ಕಣ್ಣೀರನ್ನು ಸ್ಪಷ್ಟವಾಗಿ ನೋಡಬಾರದೇ? ಅಂಗಡಿಯ ಹುಡುಗಿ, "ಇದರಾಗ ಕಪ್ಪು ಅಂದ್ರ ಖರೇ ಕಪ್ಪು ಕಾಣ್ತದ ಮೇಡಂ" ಎಂದಳು. (ಕಪ್ಪು ಲೋಹದ ಬಿದರಿ ಕೆಲಸದ ಊರಿನಲ್ಲಿ ನಿಂತು ನನಗೆ ಕಪ್ಪಿನ ಪಾಠ!) ಆದರೂ ಮನಸೋತೆ.

ಟೀವಿ ಗೋಡೆ ಏರಿತು. ನಮ್ಮ ಹಾಲ್ ಚಿಕ್ಕದು. ಮೊದಲ ದಿನ ಸುದ್ದಿ ಓದುವವಳ ಮೂಗಿನ ನತ್ತು ನಮ್ಮ ಮನೆಯ ಸಾರಿನ ವಾಟಿಯಷ್ಟು ದೊಡ್ಡದಾಗಿ ಕಂಡಿತು. ನಮ್ಮವರು ಖುರ್ಚಿಯನ್ನು ಹಿಂದೆ ಎಳೆಯುತ್ತ ಎಳೆಯುತ್ತ ಅಡುಗೆಮನೆಯ ಬಾಗಿಲು ತಲುಪಿದರು.

ಈಗ ನಮ್ಮ ಹಿಂದಿನ ಎರಡು ಕೋಣೆಗಳ ಬಾಡಿಗೆದಾರರ ಬಗ್ಗೆ ಹೇಳಬೇಕು. ಕಾಶಿಬಾಯಿ ಮತ್ತು ಆಕೆಯ ಸೊಸೆ ರೇಖಾ. ಔರಾದ ತಾಲ್ಲೂಕಿನ ಚಿಂತಾಕಿ ಕಡೆಯವರು. ಕಾಶಿಬಾಯಿಯ ಮಗ ಸಂತೋಷ ಊರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಳೆ ಇಲ್ಲ, ಉಳುವವರಿಲ್ಲ. ಟ್ರ್ಯಾಕ್ಟರಿಗೇನು ಕೆಲಸ? ಊರಿನ ಗೆಳೆಯರ ಜೊತೆ ಪುಣೆಗೆ ಹೋದ, ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟುವ ಕಡೆ. ರೇಖಾ ಬಸುರಿ. ದವಾಖಾನೆ ಹತ್ತಿರ ಇರಲಿ ಎಂದು ಹೆಂಡತಿ ಮತ್ತು ತಾಯಿಯನ್ನು ಬೀದರ್‌ನಲ್ಲಿ ಬಿಟ್ಟು ಹೋಗಿದ್ದ.

ಏಳನೇ ತಿಂಗಳು. ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ರೇಖಾಳ ತವರು ಭಾಲ್ಕಿ. ಅಲ್ಲಿಂದ ಅವಳ ತಾಯಿ ಶಾಂತಾಬಾಯಿ ಹಸಿರು ಸೀರೆ, ಹಸಿರು ಬಳೆ ತರುವವರಿದ್ದರು. ಎಲ್ಲರೂ ಬರುವವರೇ. ಗಂಡ ಮಾತ್ರ ಬರುವುದಿಲ್ಲ. ರಜೆ ಇಲ್ಲವಂತೆ.

ರೇಖಾಳ ಮುಖ ಊದಿತು. "ರಜಾ ಇಲ್ಲಂದ್ರ ಇರ್ಲಿ. ಮಾರಿ ಆದ್ರೂ ತೋರಿಸ್ಬೇಕಲ್ರಿ. ಈಗೀಗ ವಿಡಿಯೊ ಕಾಲ್ ಭೀ ಮಾಡೂದಿಲ್ಲ. ಬರೇ ಮಾತು."

ನನಗೆ ಅಲ್ಲೇ ಐಡಿಯಾ ಹೊಳೆಯಿತು. "ಕುಬಸ ನಮ್ಮ ಹಾಲ್‌ನ್ಯಾಗ ಮಾಡೋಣು. ಸಂತೋಷನ್ನ ಟೀವಿಯೊಳಗ ಕರೀಸೋಣು!"

ನಿಜ ಹೇಳಲೇ? ಆಕೆಯ ಖುಷಿಗೆ ಅರ್ಧ. ನನ್ನ ಟೀವಿ ಯಾರ ಉಪಯೋಗಕ್ಕಾದರೂ ಬರಲಿ ಎಂಬುದಕ್ಕೆ ಇನ್ನರ್ಧ.

ಭಾನುವಾರ ಬೆಳಿಗ್ಗೆ ಹಾಲ್ ತುಂಬಿತು. ರೇಖಾ ಹಸಿರುಟ್ಟು ಖುರ್ಚಿಯಲ್ಲಿ ಕುಳಿತಳು. ನಮ್ಮವರು ತಮ್ಮ ಫೋನನ್ನು ಟೀವಿಗೆ ಜೋಡಿಸಿ, ರೇಖಾ ಕಾಣುವ ಹಾಗೆ ಸ್ಟೂಲಿನ ಮೇಲಿಟ್ಟು ಕಾಲ್ ಮಾಡಿದರು. ಮೊದಲ ಸಲ ಸಂತೋಷ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಗೋಡೆಯ ತುಂಬ ಸಂತೋಷ!

ಶಾಂತಾಬಾಯಿ ದಡಬಡಿಸಿ ತಲೆ ಮೇಲೆ ಸೆರಗೆಳೆದುಕೊಂಡರು. ಅಳಿಯನ ಎದುರು ಬರಿದಲೆಯಲ್ಲಿ ಇರುವುದೆಂದರೇನು? ಅದೂ ಅಷ್ಟು ದೊಡ್ಡ ಅಳಿಯ! ಹೆಂಗಸರು ಬಿದ್ದು ಬಿದ್ದು ನಕ್ಕರು.

ಆರತಿ ಆಯಿತು. ಒಡಪು ಕಟ್ಟಿ ಗಂಡನ ಹೆಸರು ಹೇಳುವ ಗದ್ದಲ ಶುರುವಾಯಿತು. ರೇಖಾ ನಾಚಿದಳು, ತಲೆ ಬಗ್ಗಿಸಿದಳು, ಕೊನೆಗೆ ಒಂದೇ ಉಸಿರಿನಲ್ಲಿ ಹೇಳಿದಳು:

"ಹಸರ ಸೀರಿ ಉಟ್ಟೀನಿ, ಹಸರ ಬಳಿ ಇಟ್ಟೀನಿ, ಗ್ವಾಡಿ ಮ್ಯಾಲಿನ ಸಂತೋಷರು ಕೆಳಗಿಳೀಲಿ ಅಂತ ಹರಕಿ ಹೊತ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಸಂತೋಷನೂ ನಕ್ಕ. "ಗ್ವಾಡಿ ಗೀಡಿ ಅನಬ್ಯಾಡ ಹುಡುಗಿ" ಎಂದು ಕಾಶಿಬಾಯಿ ಮಾತ್ರ ಸಣ್ಣಗೆ ಗದರಿದರು. ಗೋಡೆ ಏರುವುದು ಸತ್ತವರ ಫೋಟೊ ಅಲ್ಲವೇ?

ಆಮೇಲೆ ಅವರೇ ಮಗನಿಗೆ, "ನಿಮ್ಮ ಅತ್ತಿಯವರಿಗಿ ಕೈ ಮುಗಿಯಪ್ಪ" ಎಂದರು.

ಸಂತೋಷ ಎಡಗೈ ಎತ್ತಿ ಹಣೆಗೆ ಮುಟ್ಟಿಸಿದ.

ಫೋನಿನಲ್ಲಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಇಲ್ಲಿ ಆ ಕೈ ಒಂದು ಮೊಳ ಅಗಲವಿತ್ತು.

"ಎಡಗೈಲೆ ನಮಸ್ಕಾರ ಮಾಡ್ತಿಯೇನೋ?" ಕಾಶಿಬಾಯಿಯ ದನಿ ಬದಲಾಯಿತು. "ಬಲಗೈ ಎಲ್ಲದ?"

"ನೆಟ್‌ವರ್ಕ್ ಬರ್ಲಾಕತ್ತಿಲ್ಲ ಅವ್ವಾ, ಆಮ್ಯಾಲ ಮಾಡ್ತೇನಿ…"

ರೇಖಾ ಖುರ್ಚಿಯಿಂದ ಎದ್ದಳು. ಟೀವಿಯ ಹತ್ತಿರ ಹೋಗಿ ಅವನ ಕೊರಳ ಹತ್ತಿರ ಬೆರಳಿಟ್ಟಳು. ಅಂಗಿಯ ಕಾಲರಿನ ಕೆಳಗೆ ಬಿಳಿಯದೊಂದು ಅಂಚು ಇಣುಕುತ್ತಿತ್ತು.

"ಇದೇನದ?"

"ಟಾವೆಲ್. ನೀ ಎಲ್ಲಿ ಹೋದಿ ರೇಖಾ? ಬರೇ ಖುರ್ಚಿ ಕಾಣ್ತದ."

ಅವನು ಖಾಲಿ ಖುರ್ಚಿಯನ್ನು ನೋಡುತ್ತಿದ್ದ. ಅವಳು ಅವನ ಮುಖದ ಎದುರಿಗೇ ನಿಂತಿದ್ದಳು.

"ಟಾವೆಲ್ ಅಲ್ಲ, ಪಟ್ಟಿ ಅದ. ಕೈಗಿ ಏನಾಗ್ಯದ ಹೇಳ್ರಿ."

ಸಂತೋಷ ಎಡಗೈಯಿಂದ ಕಾಲರ್ ಸರಿಸಿ ಪಟ್ಟಿ ತೋರಿಸಿದ. ನಂತರ ಹೇಳಿದ. ಕಟ್ಟಡದ ಮೇಲಿಂದ ಬಿದ್ದಿದ್ದನಂತೆ. ಬಲಗೈ ಮುರಿದಿತ್ತು. ಕೆಲಸವಿಲ್ಲದೆ ತಗಡಿನ ಪತ್ರಾಸಿನ ಶೆಡ್ಡಿನಲ್ಲಿ ಕುಳಿತಿದ್ದ. ಊರಿನ ಗೆಳೆಯರೇ ಅಡುಗೆ ಮಾಡಿ ಹಾಕುತ್ತಿದ್ದರು. "ಹೇಳಿದ್ರ ಈಕಿ ಊಟಾ ಬಿಡ್ತಾಳ ಅಂತ ಹೇಳ್ಳಿಲ್ಲ. ಹೊಸಾ ಅಂಗಿ ಹಾಕ್ಕೊಂಡು ಕುಂತ್ರ ಕಾಣಲ್ಲ ಅನ್ಕೊಂಡಿದ್ದೆ."

ರೇಖಾ ಅಳಲಿಲ್ಲ. "ಇವತ್ತೇ ಬರ್ತೇನಿ" ಎಂದಳು.

"ಹುಚ್ಚಿ ಏನು ನೀ? ಏಳು ತಿಂಗಳ ಹೊಟ್ಟಿ ತಗೊಂಡು!" ಎಂದು ಶಾಂತಾಬಾಯಿ ಸೆರಗು ಮರೆತು ಕೂಗಿದರು.

ಕಾಶಿಬಾಯಿ ಎದ್ದರು. "ನಾ ಹೋಗ್ತೇನಿ. ಪುಣೆ ಯಾವ ಕಡಿ ಅದ ಅಷ್ಟು ಹೇಳ್ರಿ."

ಅಡುಗೆಮನೆಯ ಬಾಗಿಲಿನಿಂದ ನಮ್ಮವರ ದನಿ ಕೇಳಿತು. "ನಡೀರಿ ಕಾಶಿಬಾಯಿ, ನಾನೂ ಬರ್ತೇನಿ. ಸಂಜಿ ಬಸ್ ಅದ."

ನನಗೇ ಆಶ್ಚರ್ಯ. ನಮ್ಮವರನ್ನು ಸಂತೆಗೆ ಎಬ್ಬಿಸಬೇಕಾದರೂ ಮೂರು ಸಲ ಕೂಗಬೇಕು. ಅಂದು ಅವರೇ ಕೈಚೀಲ ತುಂಬಿಕೊಂಡರು. ಕುಬಸಕ್ಕೆ ಮಾಡಿದ್ದ ಹೋಳಿಗೆಯನ್ನೇ ನಾನು ಕಟ್ಟಿಕೊಟ್ಟೆ.

ಸಂತೋಷನನ್ನು ಕರೆದುಕೊಂಡೇ ಬಂದರು. ಮೂಳೆ ಸರಿಯಾಗಿ ಕೂಡಿರಲಿಲ್ಲ. ಇಲ್ಲಿನ ಡಾಕ್ಟರು ಇನ್ನೊಮ್ಮೆ ಪ್ಲಾಸ್ಟರ್ ಹಾಕಿ, "ಇನ್ನಷ್ಟು ತಡಾ ಮಾಡಿದ್ರ ಕೈ ಹಂಗೇ ಸೊಟ್ಟ ಉಳೀತಿತ್ತು" ಎಂದರು. ಬಂದ ದಿನ ರೇಖಾ ಅವನ ಜೊತೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಮಾತು ಮಾತ್ರ ಇಲ್ಲ! ಮೂರನೇ ದಿನ ಹಿಂದಿನ ಕೋಣೆಯಿಂದ ಜೋರು ಜಗಳ ಕೇಳಿತು. ಕಾಶಿಬಾಯಿ ಹೊರಗೆ ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತರು. "ಸುರು ಆತು ನೋಡ್ರಿ" ಎಂದು ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚಿದರು.

ಹೆಣ್ಣು ಮಗು ಹುಟ್ಟಿದಾಗ ಸಂತೋಷನ ಕೈಯ ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಎರಡೂ ಕೈ ಚಾಚಿ ಎತ್ತಿಕೊಂಡ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಓಣಿ ಸುಮ್ಮನಿರುತ್ತದೆಯೇ? ಒಂದು ಭಾನುವಾರ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. "ಟೀಚರಬಾಯಿ, ನಮ್ಮವರನ್ನ ಭೀ ಜರಾ ದೊಡ್ಡದು ಮಾಡಿ ತೋರಿಸ್ರಿ." ಮುಂದಿನ ವಾರ ಐವರು. ಈಗ ಭಾನುವಾರ ಸಂಜೆ ನಮ್ಮ ಹಾಲ್‌ನಲ್ಲಿ ಸೀರಿಯಲ್ ಇಲ್ಲ, ತಪಾಸಣೆ. ಹೈದರಾಬಾದ್, ಪುಣೆ, ಮುಂಬೈಯಿಂದ ಗಂಡಸರು ಒಬ್ಬೊಬ್ಬರಾಗಿ ಗೋಡೆಯ ಮೇಲೆ ಬರುತ್ತಾರೆ. ಹೆಂಗಸರು ಆರ್ಡರ್ ಮಾಡುತ್ತಾರೆ. "ಎದ್ದು ನಿಂದರ್ರಿ. ಈ ಕಡಿ ಹೊಳ್ರಿ. ಎರಡೂ ಅಂಗೈ ತೋರಿಸ್ರಿ. ಕಾಲಿಗಿ ಏನಾಗ್ಯದ?" ಗಂಡಸರು ಕವಾಯತಿನ ಹುಡುಗರಂತೆ ನಿಲ್ಲುತ್ತಾರೆ, ತಿರುಗುತ್ತಾರೆ, ಬೈಸಿಕೊಳ್ಳುತ್ತಾರೆ. ನಗುವೋ ನಗು. ಚಹಾ ಮಾಡುವುದು ನಮ್ಮವರ ಡ್ಯೂಟಿ.

ಕಳೆದ ಭಾನುವಾರ ಕಮಲನಗರ ಕಡೆಯ ಸುವರ್ಣಾಳ ಸರದಿ. ಆಕೆಯ ಗಂಡ ಪುಣೆಯಲ್ಲಿದ್ದಾನೆ. ನಿಲ್ಲೆಂದಾಗ ನಿಂತ, ಹೊರಳೆಂದಾಗ ಹೊರಳಿದ. ಎಲ್ಲ ಸರಿಯಾಗಿತ್ತು. ಆಮೇಲೆ ನಗುತ್ತಲೇ ಕೇಳಿದ, "ನನ್ನ ಪರೀಕ್ಷಾ ಮುಗೀತಲ್ಲ? ಈಗ ನೀ ಎದ್ದು ನಿಂದರು. ನಾ ಭೀ ನಿನ್ನ ನೋಡ್ತೇನಿ."

ಸುವರ್ಣಾ ಏಳಲಿಲ್ಲ. ಸೆರಗನ್ನು ಕೊರಳವರೆಗೆ ಎಳೆದುಕೊಂಡು, "ನನ್ನ ಏನ್ ನೋಡ್ತೀರಿ, ನಾ ಅರಾಮ ಇದ್ದೀನಿ" ಎಂದು ಕೈ ಚಾಚಿ ಕಾಲ್ ಕಟ್ ಮಾಡಿದಳು. ಸೆರಗೆಳೆಯಲು ಎತ್ತಿದ ಆ ಕಡ್ಡಿಯಂಥ ಕೈಯಲ್ಲಿ ಬಳೆಗಳು ಮೊಳಕೈವರೆಗೂ ಜಾರಿದ್ದನ್ನು ಹಾಲ್‌ನಲ್ಲಿದ್ದ ನಾವೆಲ್ಲ ನೋಡಿದೆವು.

ಪುಣೆಯಲ್ಲಿ ಅಂಗೈಯಗಲದ ಫೋನ್ ಹಿಡಿದು ನಿಂತವನಿಗೆ ಅದು ಕಂಡಿತೇ?