ಇಕ್ಕಳದ ಗುರುತು

ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ಅಪರೂಪದ ನಾಣ್ಯಗಳಿಗೆ ತನ್ನ ಪುಟ್ಟ ಅಂಗಡಿಯಲ್ಲಿ ಕೂತು ಬೆಲೆ ಕಟ್ಟುವ ಆ ಮುದುಕ ಮಹಾ ಸಿಡುಕ. ಮನೆಯಲ್ಲೇ ಜಜ್ಜಿದ ನಾಣ್ಯ ತಂದವರನ್ನು ಮುಖವನ್ನೂ ನೋಡದೆ ಅಟ್ಟುತ್ತಿದ್ದ. ಆದರೆ ಪ್ರತಿ ಗುರುವಾರ ಬರುವ ನಿವೃತ್ತ ದಾದಿಯ ಸೊಟ್ಟ ನಾಣ್ಯವನ್ನು ಮಾತ್ರ, ಅಂಚಿನಲ್ಲಿ ಇಕ್ಕಳದ ಹಲ್ಲಿನ ಗುರುತು ಎದ್ದು ಕಂಡರೂ, ಮಸೂರ ಹಿಡಿದು ಬಹಳ ಹೊತ್ತು ನೋಡುತ್ತಿದ್ದ. ಅಷ್ಟು ಹೊತ್ತೂ ಅವಳು ಹರಟುತ್ತಿದ್ದಳು. ವಾರಕ್ಕೆ ಅವನಿಗೆ ದಕ್ಕುತ್ತಿದ್ದ ಹರಟೆ ಅದೊಂದೇ. ಮನೆಯಲ್ಲಂತೂ ಗೋಡೆಗಳೇ ಗತಿ.

“ಇದು ಟಂಕಸಾಲೆ ತಪ್ಪಲ್ಲಮ್ಮ,” ಎನ್ನುತ್ತಿದ್ದ ಕೊನೆಗೆ.

“ಹೋಗ್ಲಿ ಬಿಡಿ, ಮುಂದಿನ ವಾರ ಇನ್ನೊಂದು ತರ್ತೀನಿ.”

ಈ ಗುರುವಾರ ಅವಳು ಬಾಗಿಲಲ್ಲೇ ನಿಂತಳು. “ಮಣಿಕಟ್ಟು ನೋವು, ಯಜಮಾನ್ರೆ. ಇನ್ಮೇಲೆ ಅಂಥ ನಾಣ್ಯ ಸಿಗೋದು ಕಷ್ಟ.”

“ಒಳಗೆ ಬಂದು ಕೂತ್ಕೊಳ್ಳಿ,” ಎಂದು ಗದರಿದ ಮುದುಕ, ಗಲ್ಲಾಪೆಟ್ಟಿಗೆಯಿಂದ ಹೊಚ್ಚ ಹೊಸ ನಾಣ್ಯವೊಂದನ್ನು ತೆಗೆದು, ಅವಳೆದುರೇ ಇಕ್ಕಳ ಹಾಕಿ ಸೊಟ್ಟ ಮಾಡಿ, ಮಸೂರದ ಜೊತೆ ಅವಳ ಮುಂದಿಟ್ಟ.

“ಇವತ್ತು ನೀವು ನೋಡಿ. ಅವಸರ ಏನಿಲ್ಲ.”